ತಾರಸಿಯ ಬಾಗಿಲು

ಅಕ್ಕ ಜನರನ್ನು ಮಲಗಿಸುವ ಡಾಕ್ಟರು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಕೊಯ್ದು ಹೊಲಿಯುವವರು ಬೇರೆ. ಅವರು ತಮ್ಮ ಕೆಲಸ ಮುಗಿಸುವ ತನಕ ಮಲಗಿದವರ ಉಸಿರು, ನಾಡಿ, ನೋವು ಎಲ್ಲವೂ ಅಕ್ಕನ ಸುಪರ್ದಿ. ಔಷಧ ಏರಿಸುವ ಮೊದಲು ಅವಳು ಪ್ರತಿಯೊಬ್ಬರ ಮುಖದ ಮೇಲೆ ಬಾಗಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಈಗ ಎಲ್ಲಿಗೆ ಹೋಗ್ತೀರಾ, ಹೇಳಿ?" ಕೆಲವರು ಸಮುದ್ರ ಅನ್ನುತ್ತಾರೆ. ಕೆಲವರು ಅಜ್ಜಿ ಮನೆಯ ಅಟ್ಟ ಅನ್ನುತ್ತಾರೆ. ಒಬ್ಬ ಬಸ್ ಕಂಡಕ್ಟರ್, "ಎಲ್ಲಿಗೂ ಬೇಡ ತಾಯಿ, ಒಂದ್ಕಡೆ ಸುಮ್ನೆ ಕೂತ್ರೆ ಸಾಕು" ಅಂದಿದ್ದ. "ಹೋಗಿ ಬನ್ನಿ" ಎನ್ನುತ್ತಾಳೆ ಅಕ್ಕ, ಅವರ ಕಣ್ಣು ಮುಚ್ಚುತ್ತದೆ. ಎಚ್ಚರವಾದಾಗ ಕಿವಿಗೆ ಬೀಳುವ ಮೊದಲ ಮಾತೂ ಅವಳದೇ: "ಹೋಗಿ ಬಂದ್ರಾ?"

ನಾನು ಅವಳ ತಂಗಿ. ಅದೇ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ಡಬ್ಬಿ ಜೋಡಿಸಿದವಳು. ಚಿಕ್ಕಂದಿನಿಂದ ನನಗೆ ಕೂತಲ್ಲೇ ಕಳೆದುಹೋಗುವ ರೋಗ. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಲ್ಲಿ ನಿಂತೆನೆಂದರೆ ಹಾಲು ಉಕ್ಕಿ, ಬತ್ತಿ, ಪಾತ್ರೆ ಸೀದ ಮೇಲೆ ಅಕ್ಕ ಬಂದು ತೋಳು ಜಿಗುಟಬೇಕು. ಉಗ್ರಾಣದ ಕೆಲಸಕ್ಕೆ ಈ ರೋಗದಿಂದ ತೊಂದರೆಯಾಗಲಿಲ್ಲ. ಡಬ್ಬಿಗಳು ಕಾಯುತ್ತವೆ.

ಹೋದ ವರ್ಷ ನಮ್ಮ ಮೇಲಿನವರಿಗೆ ಒಂದು ಜ್ಞಾನೋದಯವಾಯಿತು. ಮಲಗಿಸುವಾಗ ಔಷಧದ ತಪ್ಪು ಎಷ್ಟಾಗುತ್ತದೆ ಎಂದು ಅಳೆಯಬೇಕು, ಅಳೆದು ಕಡಿಮೆ ಮಾಡಬೇಕು ಎಂದರು. ಅಲ್ಲಿಯವರೆಗೆ ಒಂದು ಪುಸ್ತಕವಿತ್ತು; ತಪ್ಪು ಮಾಡಿದವರು ತಾವೇ ಹೋಗಿ ಅದರಲ್ಲಿ ಬರೆಯಬೇಕು. ಮೂರು ವರ್ಷದಲ್ಲಿ ನಾಲ್ಕು ತಪ್ಪು ದಾಖಲಾಗಿದ್ದವು. ಒಂದೋ ನಮ್ಮಲ್ಲಿ ದೇವತೆಗಳೇ ಕೆಲಸ ಮಾಡುತ್ತಿದ್ದರು, ಇಲ್ಲ ಬರೆಯುವ ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಅದಕ್ಕೇ ಔಷಧ ಬಲ್ಲ ಯಾರಾದರೂ ಮೂಲೆಯಲ್ಲಿ ಕೂತು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು ಎಂದು ತೀರ್ಮಾನವಾಯಿತು. ಆ ಕೆಲಸ ನನ್ನ ಕೊರಳಿಗೆ ಬಿತ್ತು. ಒಂದು ಎತ್ತರದ ಸ್ಟೂಲು, ಒಂದು ರಟ್ಟು, ಕಟ್ಟುಗಟ್ಟಲೆ ಹಾಳೆ. ಯಾರ ಹೆಸರನ್ನೂ ಬರೆಯುವ ಹಾಗಿಲ್ಲ. ಯಾವ ಔಷಧ, ಎಷ್ಟು, ಸಿರಿಂಜಿನ ಮೇಲೆ ಚೀಟಿ ಇತ್ತೇ, ತಪ್ಪಾಯಿತೇ, ಆಗಿದ್ದರೆ ಕಾರಣವೇನು, ಇಷ್ಟೇ. ಅಪಾಯ ಕಂಡರೆ ಮಾತ್ರ ಕೂಗಬೇಕು. ಮರುದಿನ ರೋಗಿಯ ಹಾಸಿಗೆಯ ಹತ್ತಿರ ಹೋಗಿ, ಏನಾದರೂ ನೆನಪಿದೆಯೇ ಎಂದು ಕೇಳಬೇಕು.

ಮೊದಲ ದಿನವೇ ನನಗೆ ಗೂಬೆ ಎಂದು ಹೆಸರಿಟ್ಟರು. "ನಮ್ಮೇಲೆ ಗೂಬೆ ಕೂರಿಸೋಕೆ ಗೂಬೇನೇ ಕಳ್ಸಿದಾರೆ ನೋಡಿ" ಎಂದು ಮೂಳೆ ಡಾಕ್ಟರು ನಕ್ಕರು. ವಾರ ಕಳೆಯುವಷ್ಟರಲ್ಲಿ ಎಲ್ಲರೂ ನನ್ನನ್ನು ಮರೆತರು. ಸ್ಟೂಲಿನ ಮೇಲಿನ ಒಂದು ಗಂಟು ಅಂದುಕೊಂಡರೇನೋ. ಎರಡು ತಿಂಗಳಲ್ಲಿ ಇನ್ನೂರ ಹತ್ತು ಆಪರೇಷನ್ ನೋಡಿ ಮೂವತ್ತೇಳು ತಪ್ಪು ಬರೆದುಕೊಂಡೆ. ಬಹಳಷ್ಟು ಸಣ್ಣವು: ತಡವಾಗಿ ಕೊಟ್ಟದ್ದು, ಒಂದು ಗೆರೆ ಹೆಚ್ಚು ಎಳೆದದ್ದು, ಕೊಡಲು ಮರೆತು ಆಮೇಲೆ ಹಣೆ ಬಡಿದುಕೊಂಡದ್ದು. ಅವುಗಳಲ್ಲಿ ಅಕ್ಕನದು ಒಂದೂ ಇರಲಿಲ್ಲ.

ಆದರೆ ಅವಳ ಸಿರಿಂಜುಗಳ ಮೇಲೆ ಚೀಟಿಯೂ ಇರಲಿಲ್ಲ. ಬೆಳಿಗ್ಗೆ ತಾನೇ ಔಷಧ ತುಂಬಿ, ಸ್ಟೀಲ್ ತಟ್ಟೆಯಲ್ಲಿ ತನ್ನದೇ ಕ್ರಮದಲ್ಲಿ ಸಾಲಾಗಿ ಇಡುತ್ತಿದ್ದಳು. ಬಲತುದಿಯಲ್ಲಿ ವಾಂತಿ ತಡೆಯುವುದು, ಎಡತುದಿಯಲ್ಲಿ ಸ್ನಾಯು ಸಡಿಲಿಸುವುದು, ಉಳಿದವು ನಡುವೆ. ತುದಿಯ ಎರಡೂ ಒಂದೇ ಅಳತೆಯ ಸಿರಿಂಜು, ಎರಡೂ ನೀರಿನ ಬಣ್ಣ. ಸ್ನಾಯು ಸಡಿಲಿಸುವ ಔಷಧ ಒಳಗೆ ಹೋದರೆ ಕಣ್ಣರೆಪ್ಪೆ ಕೂಡ ಅಲ್ಲಾಡದು, ಉಸಿರನ್ನೂ ಯಂತ್ರವೇ ಆಡಿಸಬೇಕು. ಆದರೆ ಅದರಿಂದ ನಿದ್ದೆ ಬರುವುದಿಲ್ಲ. ನಿದ್ದೆಯ ಔಷಧ ಬೇರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

"ಚೀಟಿ ಅಂಟಿಸ್ಬೇಕು ಅಂತ ನಿಯಮ ಇದೆ, ಅಕ್ಕಾ" ಎಂದು ನಾನು ಒಮ್ಮೆ ಹೇಳಿದೆ.

"ಚೀಟಿ ಓದ್ತಾ ಕೂತ್ರೆ ಮುಖ ಯಾರು ನೋಡ್ತಾರೆ?" ಎಂದಳು. "ನನ್ನ ಕೈಗೆ ದಾರಿ ಗೊತ್ತು ಕಣೇ."

ಅದು ಸುಳ್ಳಲ್ಲ. ಮಲಗಿದವರ ಮುಖದಿಂದ ಅವಳು ಕಣ್ಣು ಕೀಳುತ್ತಿರಲಿಲ್ಲ. ಹುಬ್ಬು ಒಂದು ಎಳೆಯಷ್ಟು ಗಂಟಾದರೆ ಯಂತ್ರಕ್ಕಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ತಟ್ಟೆಗೆ ಹೋಗಿ, ಬೇಕಾದ್ದನ್ನು ಎತ್ತಿಕೊಂಡು ಬರುತ್ತಿತ್ತು. ನಾನು 'ಚೀಟಿ ಇಲ್ಲ' ಎಂದು ಬರೆಯುತ್ತಿದ್ದೆ. ಅವಳು ಮಾಸ್ಕಿನ ಹಿಂದೆ ನಗುತ್ತಿದ್ದಳು.

ಆ ಕೋಣೆಗೆ ಕಿಟಕಿಯಿಲ್ಲ. ಬೆಳಕು ತಣ್ಣಗೆ ಒಂದೇ ಸಮ. ಬೆಳಗೋ ಸಂಜೆಯೋ ಗೊತ್ತಾಗುವುದಿಲ್ಲ. ಯಂತ್ರ ಟಿಣ್ ಟಿಣ್ ಎನ್ನುತ್ತಿರುತ್ತದೆ, ಗಾಳಿಚೀಲ ಉಬ್ಬಿ ತಗ್ಗುತ್ತಿರುತ್ತದೆ, ಹಸಿರು ಬಟ್ಟೆಯವರು ಮೆತ್ತಗೆ ಓಡಾಡುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ನನ್ನ ಉಸಿರೂ ಆ ಚೀಲದ ಜೊತೆ ಸೇರಿಕೊಳ್ಳುತ್ತಿತ್ತು. ಮಲಗಿದವರು ಎಲ್ಲಿಗೆ ಹೋಗುತ್ತೇನೆ ಅಂದಿದ್ದರೋ ಆ ಜಾಗವನ್ನು ನಾನು ಹಾಳೆಯ ಅಂಚಿನಲ್ಲಿ ಬರೆದಿಡುತ್ತಿದ್ದೆ. ಆಮೇಲೆ ನಾನೂ ಅವರ ಹಿಂದೆಯೇ ಹೊರಡುತ್ತಿದ್ದೆ. ಎಷ್ಟೋ ಸಮುದ್ರಗಳಲ್ಲಿ ಕಾಲು ತೋಯಿಸಿ ಬಂದಿದ್ದೇನೆ. ಅಟ್ಟ ಹತ್ತಿ ಧೂಳಿಗೆ ಸೀನಿದ್ದೇನೆ. ಹಾಳೆಯಲ್ಲಿ ಬರೆಯಬೇಕಾದ್ದನ್ನು ಕೈ ಬರೆಯುತ್ತಿತ್ತು. ನನ್ನ ಕೈಗೂ ದಾರಿ ಗೊತ್ತು ಎಂದು ನಾನು ನಂಬಿದ್ದೆ.

ಆ ಎರಡು ತಿಂಗಳ ಎಣಿಕೆ ಮುಗಿದ ಮರುದಿನ ಎರಡನೆಯವರಾಗಿ ಬಂದವರು ಒಬ್ಬ ಟೈಲರಮ್ಮ. ಐವತ್ತರ ಹತ್ತಿರ ವಯಸ್ಸು, ಚುರುಕು ಕಣ್ಣು. ಬಿದ್ದು ಬಲ ಮೊಣಕೈಯ ಮೂಳೆ ಮುರಿದುಕೊಂಡಿದ್ದರು. ಮುರಿದ ತುಂಡುಗಳನ್ನು ತಂತಿ ಹಾಕಿ ಕೂಡಿಸಬೇಕಿತ್ತು. ಆಸ್ಪತ್ರೆಗೂ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಿದ್ದರಂತೆ, ನರ್ಸು ಅದನ್ನು ಸುತ್ತಿ ಚೀಲಕ್ಕೆ ಹಾಕಿಟ್ಟಿದ್ದಳು.

"ಎಲ್ಲಿಗೆ ಹೋಗ್ತೀರಾ?" ಎಂದಳು ಅಕ್ಕ.

"ಅಂಗಡಿ ಮೇಲಿನ ತಾರಸಿಗೆ" ಎಂದರು ಅವರು, ಯೋಚಿಸದೆ. "ಬಿಳಿ ಬಟ್ಟೆ ಒಗ್ದು ಸಾಲಾಗಿ ಒಣಗಹಾಕಿರ್ತೀನಿ. ಅದರ ಮಧ್ಯ ನಡೀತಾ ಹೋದ್ರೆ ಯಾರಿಗೂ ಕಾಣಲ್ಲ ನಾನು. ಗಿರಾಕಿಗಳು ಕೆಳಗೆ ಕೂಗ್ತಾನೇ ಇರ್ತಾರೆ."

"ಹೋಗಿ ಬನ್ನಿ" ಎಂದಳು ಅಕ್ಕ.

ನಾನು ಅಂಚಿನಲ್ಲಿ 'ತಾರಸಿ' ಎಂದು ಬರೆದೆ. ಮುಕ್ಕಾಲು ಗಂಟೆ ಎಲ್ಲವೂ ಸರಿಯಾಗಿ ನಡೆಯಿತು. ನಡುವೆ ಕಾಲಿನ ಕಡೆಯ ಬೆಚ್ಚನೆ ಹೊದಿಕೆ ಜಾರಿತೆಂದು ಅಕ್ಕ ಅತ್ತ ಹೋದಳು. ಸಿರಿಂಜುಗಳಲ್ಲಿ ಎಷ್ಟೆಷ್ಟು ಉಳಿದಿದೆ ಎಂದು ನಾನು ಬರೆಯಬೇಕಿತ್ತು. ಗೆರೆಗಳೆಲ್ಲ ಅವಳ ಕಡೆಗಿದ್ದವು, ನನಗೆ ಕಾಣುತ್ತಿರಲಿಲ್ಲ. ಸ್ಟೂಲಿನಿಂದ ಇಳಿದು, ತಟ್ಟೆಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿ, ಓದಿ ಬರೆದುಕೊಂಡೆ. ಇನ್ನೇನು ವಾಪಸು ತಿರುಗಿಸಬೇಕು, ಅಷ್ಟರಲ್ಲಿ ಎಲ್ಲಿಂದಲೋ ಗಾಳಿ ಬೀಸಿದಂತಾಯಿತು. ಬಿಳಿ ಬಟ್ಟೆಗಳು ಸಾಲಾಗಿ ಅಲುಗಿದವು. ಒಂದರ ಅಂಚು ಒದ್ದೆಯಾಗಿ ನನ್ನ ಕೆನ್ನೆಗೆ ತಾಗಿತು. ಸೋಪಿನ ವಾಸನೆ. ಕೆಳಗೆ ಯಾರೋ ಗಿರಾಕಿ ಕೂಗುತ್ತಿದ್ದರು, ನಾನು ಓಗೊಡಲಿಲ್ಲ. ಯಾವಾಗ ಸ್ಟೂಲಿನ ಮೇಲೆ ಕೂತೆನೋ ನೆನಪಿಲ್ಲ.

"ಮುಗೀತು" ಎಂದರು ಮೂಳೆ ಡಾಕ್ಟರು. ಆ ದನಿಗೆ ನಾನು ಇಳಿದು ಬಂದೆ.

ಅಕ್ಕ ನಿದ್ದೆಯ ಔಷಧ ನಿಲ್ಲಿಸಿದ್ದಳು. ಗಂಟಲಲ್ಲಿ ನಳಿಗೆ ಇನ್ನೂ ಇತ್ತು. ಟೈಲರಮ್ಮ ತಾವೇ ಉಸಿರಾಡತೊಡಗಿದ್ದರು, ಎಡಗೈಯ ಬೆರಳೊಂದು ಮೇಲೆದ್ದು ಏನನ್ನೋ ತೋರಿಸುವಂತೆ ಅಲುಗಿತು. ಅಕ್ಕನ ಕಣ್ಣು ಆ ಮುಖದ ಮೇಲಿತ್ತು. ಕೊನೆಗೆ ಕೊಡಬೇಕಾದ ವಾಂತಿಯ ಔಷಧಕ್ಕೆಂದು ಅವಳ ಕೈ ತನ್ನ ಪಾಡಿಗೆ ತಟ್ಟೆಯ ಬಲತುದಿಗೆ ಹೋಯಿತು. ನಾನು ಕೂಗಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಸಿರಿಂಜು ಖಾಲಿಯಾಗಿತ್ತು.

ಮೇಲೆದ್ದ ಬೆರಳು ಹಾಸಿಗೆಗೆ ಬಿತ್ತು. ಉಸಿರು ನಿಂತಿತು. ಅಕ್ಕ ತಟ್ಟೆ ನೋಡಿದಳು, ತನ್ನ ಕೈ ನೋಡಿದಳು. ಆಮೇಲೆ ಅವಳು ಅಷ್ಟು ಬೇಗ ಚಲಿಸಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಯಂತ್ರದ ಉಸಿರು ಕೂಡಿಸಿದಳು, ನಿದ್ದೆಯ ಔಷಧ ಮತ್ತೆ ಏರಿಸಿದಳು, ಏರಿಸುತ್ತಲೇ ಆ ಕಿವಿಗೆ ಬಾಗಿದಳು. "ಹೆದರ್ಬೇಡಿ. ತಪ್ಪು ನಂದು. ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ." ಮೂರು ಸಲ ಅದನ್ನೇ ಹೇಳಿದಳು. ನನ್ನ ಗಡಿಯಾರದ ಪ್ರಕಾರ, ಆ ಸಿರಿಂಜು ಖಾಲಿಯಾದಾಗಿನಿಂದ ಅವರು ಮತ್ತೆ ನಿದ್ದೆಗೆ ಹೋಗುವವರೆಗೆ ಎರಡು ನಿಮಿಷ.

ಔಷಧದ ಹಿಡಿತ ಕಳೆಯುವವರೆಗೆ ನಲವತ್ತು ನಿಮಿಷ ಅವರನ್ನು ಮಲಗಿಸಿಟ್ಟು ಎಬ್ಬಿಸಿದ್ದಾಯಿತು. ಏನೂ ಅಪಾಯವಾಗಲಿಲ್ಲ. ಅಕ್ಕ ಅವತ್ತು "ಹೋಗಿ ಬಂದ್ರಾ" ಎಂದು ಕೇಳಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು, ಅವಳು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಬೇರೆ ಯಾರದೋ ವಸ್ತು ಸಿಕ್ಕಿದೆ, ಯಾರಿಗೆ ಕೊಡಬೇಕೋ ತಿಳಿಯದು ಎನ್ನುವ ಹಾಗೆ.

"ಬರ್ಕೊಂಡ್ಯಾ?" ಎಂದಳು.

"ಹೂಂ."

"ಸರಿಯಾಗಿ ಬರಿ. ಒಡಹುಟ್ಟಿದವಳು ಅಂತ ದಾಕ್ಷಿಣ್ಯ ಬೇಡ. ಕಾರಣ ಅಂತ ಕೊನೇಲಿ ಜಾಗ ಇದ್ಯಲ್ಲ, ಅಲ್ಲಿ ವಯಸ್ಸು ಅಂತ ಬರಿ." ಆ ಕೈಯನ್ನು ಮಗುಚಿ ನೋಡಿ, "ಸೋಮವಾರ ಕಾಗದ ಕೊಟ್ಬಿಡ್ತೀನಿ. ಈ ಕೈ ದಾರಿ ಮರ್ತಿದೆ. ಇನ್ನು ಒಬ್ರನ್ನೂ ಮಲಗಿಸಲ್ಲ" ಎಂದಳು.

ತಟ್ಟೆ ತಿರುಗಿಸಿದ್ದು ನಾನು ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವಳ ಮೂವತ್ತೊಂದು ವರ್ಷವನ್ನು ನಾನು ಅರ್ಧ ಸುತ್ತು ತಿರುಗಿಸಿ ಮುಗಿಸಿದ್ದೆ, ಹಾಗಿದ್ದೂ ಸುಮ್ಮನೆ ಅವಳ ಚೀಲ ಹಿಡಿದುಕೊಂಡು ಹಿಂದೆ ನಡೆದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮೂವತ್ತೆಂಟನೆಯ ತಪ್ಪಿನ ಎದುರು ಕಾರಣದ ಜಾಗ ಖಾಲಿ ಉಳಿಯಿತು.

ಮರುದಿನ ಬೆಳಿಗ್ಗೆ ಟೈಲರಮ್ಮನ ಹಾಸಿಗೆಯ ಹತ್ತಿರ ಹೋದೆ. ಕಟ್ಟು ಹಾಕಿದ ಕೈ ದಿಂಬಿನ ಮೇಲಿತ್ತು. ಅಳತೆ ಟೇಪು ಮತ್ತೆ ಕೊರಳಿಗೆ ಬಂದಿತ್ತು. ಏನಾದರೂ ನೆನಪಿದೆಯೇ ಎಂದು ಕೇಳಿದೆ.

ಅವರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ಒಂದು ಕನಸು ಬಿತ್ತು. ಹೇಳಿದ್ರೆ ತಲೆ ಕೆಟ್ಟಿದೆ ಅಂತೀರೇನೋ. ತಾರಸಿಯಿಂದ ಇಳ್ದು ಬರೋಣ ಅಂತ ಮೆಟ್ಲ ಹತ್ರ ಬಂದೆ. ಬಾಗಿಲು ಆ ಕಡೆಯಿಂದ ಹಾಕ್ಬಿಟ್ಟಿದಾರೆ. ಒಳಗೆ ಪಾತ್ರೆ ಸದ್ದು, ಮಾತು, ಎಲ್ಲಾ ಕೇಳುತ್ತೆ. ಕೂಗೋಣ ಅಂದ್ರೆ ಬಾಯಿಲ್ಲ. ತಟ್ಟೋಣ ಅಂದ್ರೆ ಕೈಯಿಲ್ಲ. ಉಸಿರು ಕೂಡ ನಂದಲ್ಲ." ಅವರ ಎಡಗೈ ಟೇಪನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. "ಆಗ ಬಾಗಿಲ ಆ ಕಡೆಯಿಂದ ಒಂದು ಹೆಂಗಸಿನ ದನಿ ಬಂತು. ಹೆದರ್ಬೇಡಿ, ತಪ್ಪು ನಂದು, ನಾನಿಲ್ಲೇ ಇದೀನಿ ಅಂತು. ಆ ದನಿ ಹಿಡ್ಕೊಂಡೇ ಉಳ್ಕೊಂಡೆ ನಾನು. ಆದ್ರೆ ಒಂದು ಅನುಮಾನ. ಕನಸಲ್ಲಿ ಯಾರಾದ್ರೂ ತಪ್ಪು ನಂದು ಅಂತಾರಾ? ನಿಜ ಹೇಳಿ, ಅದು ಕನಸಾ?"

ಹಾಳೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. "ಕರ್ಕೊಂಡ್ಬರ್ತೀನಿ ಇರಿ" ಎಂದು ಓಡಿದೆ.

ಅಕ್ಕ ಬಂದಳು. ಬಿಳಿ ಕೋಟು ಹಾಕಿಕೊಂಡಿರಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದು ಕೂತು ಒಂದೇ ಉಸಿರಿಗೆ ಹೇಳಿದಳು. "ಅದು ಕನಸಲ್ಲ. ನಿಮಗೆ ಎಚ್ಚರ ಬರ್ತಿತ್ತು. ವಾಂತಿ ಔಷಧದ ಬದಲು ಮೈ ಕಟ್ಟಿಹಾಕೋ ಔಷಧ ಕೊಟ್ಬಿಟ್ಟೆ. ಎರಡು ನಿಮಿಷ ನೀವು ಎಚ್ಚರವಾಗೇ ಅಲ್ಲಾಡದ ಹಾಗೆ ಮಲಗಿದ್ರಿ. ನಾನೇ ಕಾರಣ. ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗುತ್ತೆ. ಮೂವತ್ತೊಂದು ವರ್ಷ ತಪ್ಪಿರ್ಲಿಲ್ಲ. ವಯಸ್ಸಾಯ್ತು, ಕೈ ತಪ್ತು. ನಾನು ಈ ಕೆಲಸ ಬಿಡ್ತಿದೀನಿ."

ಟೈಲರಮ್ಮನ ಕಣ್ಣಲ್ಲಿ ನೀರು ತುಂಬಿತ್ತು, ಅದು ಸಿಟ್ಟಿನದೋ ಸಮಾಧಾನದ್ದೋ ಹೇಳುವುದು ಕಷ್ಟ. ಕೊನೆಗೆ, "ಮೂವತ್ತು ವರ್ಷ ತಪ್ಪದೇ ಇರೋ ಕೈ ನಿನ್ನೆ ಯಾಕೆ ತಪ್ತು?" ಎಂದರು. ಅಂಗಿ ಯಾಕೆ ಬಿಗಿಯಾಯಿತು ಎಂದು ವಿಚಾರಿಸುವ ದನಿ ಅದು.

"ಕೈ ತಪ್ಪಲಿಲ್ಲ" ಎಂದೆ ನಾನು. ಇಬ್ಬರೂ ನನ್ನ ಕಡೆ ತಿರುಗಿದರು. "ತಟ್ಟೆ ತಿರುಗಿತ್ತು. ಅಕ್ಕ ಆ ಕಡೆ ಹೋದಾಗ ಗೆರೆ ಓದೋಕೆ ಅಂತ ನಾನೇ ತಿರುಗಿಸಿದೆ. ಎಡಗಡೆದು ಬಲಕ್ಕೆ ಬಂತು. ವಾಪಸ್ ಇಡೋದು ಮರ್ತೆ."

"ಮರ್ತ್ಯಾ?" ಎಂದಳು ಅಕ್ಕ. "ಎಲ್ಲಿಗೆ ಹೋಗಿತ್ತು ನಿನ್ನ ತಲೆ?"

"ತಾರಸಿಗೆ" ಎಂದೆ. ಟೈಲರಮ್ಮನ ಮುಖ ನೋಡಲಾಗದೆ ನೆಲ ನೋಡಿದೆ. "ಇವ್ರ ತಾರಸಿಗೆ. ಬಟ್ಟೆ ಮಧ್ಯ ನಿಂತಿದ್ದೆ."

ಅಕ್ಕ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದಳು. ಅವಳು ಜಿಗುಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಜಿಗುಟಲಿಲ್ಲ.

ಮೊದಲು ಮಾತಾಡಿದವರು ಟೈಲರಮ್ಮನೇ. "ಅಲ್ಲಾ, ತಟ್ಟೆ ತಿರುಗಿದ್ರೆ ಏನಾಯ್ತು? ಸಿರಿಂಜಿನ ಮೇಲೆ ಹೆಸ್ರು ಇರುತ್ತಲ್ಲ?"

ಅಕ್ಕ ತನ್ನ ಕೈ ನೋಡಿಕೊಂಡಳು, ನಾನು ಹಾಳೆಯಲ್ಲಿದ್ದ 'ಚೀಟಿ ಇಲ್ಲ' ನೋಡಿದೆ.

"ಇರಲ್ವಾ?" ಅವರು ದಿಂಬಿನಿಂದ ಎದ್ದೇ ಬಿಟ್ಟರು. "ಅಯ್ಯೋ ನಿಮ್ಮ! ನಾನು ಎರಡು ಬಿಳಿ ಅಂಗಿ ಇದ್ರೆ ಎರಡಕ್ಕೂ ಚೀಟಿ ಚುಚ್ತೀನಿ. ಗಾಳಿ ಬರುತ್ತೆ, ಬೆಕ್ಕು ಬರುತ್ತೆ, ಮೊಮ್ಮಗು ಎಳೆಯುತ್ತೆ. ಇಟ್ಟ ಜಾಗದಲ್ಲೇ ಇರುತ್ತೆ ಅಂತ ಯಾರು ನಂಬ್ತಾರೆ? ಒಬ್ಬರ ಬಟ್ಟೆ ಇನ್ನೊಬ್ಬರ ಅಳತೆಗೆ ಕತ್ತರಿಸಿದ್ರೆ ಬಟ್ಟೆ ಹೋಗುತ್ತೆ ಅಷ್ಟೇ. ನಿಮ್ಮದು ಜೀವ! ಮೂವತ್ತು ವರ್ಷ ಚೀಟಿ ಇಲ್ದೇನಾ?" ಅವರಿಗೆ ಕೆಮ್ಮು ಬಂತು. ಅಕ್ಕ ನೀರು ಕೊಟ್ಟಳು. ಕುಡಿದು, ಲೋಟ ವಾಪಸು ಕೊಡುತ್ತ, ಆ ಬಲಗೈಯನ್ನೇ ನೋಡುತ್ತ ಹೇಳಿದರು. "ಸಿಟ್ಟು ಹೋಗಿಲ್ಲ ನಂಗೆ. ಬೇಗ ಹೋಗೋದೂ ಇಲ್ಲ. ಆದ್ರೆ ಐದು ತಿಂಗ್ಳಿಗೆ ಈ ತಂತಿ ತೆಗೀಬೇಕಂತೆ, ಮತ್ತೆ ಮಲಗ್ಬೇಕಂತೆ. ಆ ಬಾಗಿಲ ಹತ್ರ ನಂಗೆ ಗೊತ್ತಿರೋದು ಒಂದೇ ದನಿ. ನೀವು ಕೆಲಸ ಬಿಟ್ರೆ ಅಲ್ಲಿ ಯಾರಿರ್ತಾರೆ?"

ಅಕ್ಕ ಸೋಮವಾರ ರಾಜೀನಾಮೆಯ ಕಾಗದ ಕೊಡಲಿಲ್ಲ.

ನನ್ನ ಜೊತೆ ಮಾತ್ರ ಆರು ದಿನ ಮಾತು ಬಿಟ್ಟಳು. ಏಳನೆಯ ದಿನ ಉಗ್ರಾಣದ ಕಂಬಿ ಕಿಟಕಿಯ ಎದುರು ಬಂದು ನಿಂತು, ಬಣ್ಣದ ಚೀಟಿಗಳ ಸುರುಳಿ ಎಷ್ಟಿವೆ ಎಂದು ಕೇಳಿದಳು. ಇಪ್ಪತ್ತು ಇವೆ ಎಂದೆ. "ಎಲ್ಲಾ ಕೊಡು" ಎಂದಳು. ಅವತ್ತೇ ನಾನು ಕಾರಣದ ಜಾಗ ತುಂಬಿದೆ: ಚೀಟಿ ಇರಲಿಲ್ಲ, ನೋಡುವವಳು ತಟ್ಟೆ ತಿರುಗಿಸಿದಳು. ತಪ್ಪು ಅಳೆಯಲು ಕೂತವಳ ತಪ್ಪನ್ನೂ ಅಳೆಯಬೇಕೆಂದು ಯಾರೂ ಹೇಳಿರಲಿಲ್ಲ, ನಾನೇ ಹಾಳೆಯಲ್ಲಿ ಒಂದು ಗೆರೆ ಹೆಚ್ಚು ಎಳೆದುಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಸಿರಿಂಜಿಗೆಲ್ಲ ಚೀಟಿ ಬಂತು, ಸ್ನಾಯುವಿನದಕ್ಕೆ ಕೆಂಪು. ಕೊಡುವ ಮೊದಲು ಒಬ್ಬರು ಗಟ್ಟಿಯಾಗಿ ಓದಬೇಕು, ಕೊಡುವವರು ನೋಡಿ ಮತ್ತೆ ಹೇಳಬೇಕು ಎಂದಾಯಿತು. ಅಕ್ಕ ಎಲ್ಲರನ್ನೂ ಕೂರಿಸಿಕೊಂಡು ತನ್ನ ತಪ್ಪನ್ನು ತಾನೇ ಹೇಳಿದ ಮೇಲೆ ಉಳಿದವರಿಗೂ ಬರೆಯುವ ಧೈರ್ಯ ಬಂತು. ನಾಲ್ಕೇ ತಪ್ಪಿದ್ದ ಪುಸ್ತಕ ಐವತ್ತು ದಾಟಿತು. ಮೇಲಿನವರು ಗಾಬರಿಯಾಗಿ ನನ್ನನ್ನು ಕರೆಸಿ, "ಏನ್ರೀ, ತಪ್ಪು ಕಡಿಮೆ ಮಾಡಿ ಅಂದ್ರೆ ಜಾಸ್ತಿ ಮಾಡಿದೀರಲ್ಲ!" ಎಂದರು. "ಜಾಸ್ತಿ ಆಗಿರೋದು ಬರೆಯೋದು ಸಾರ್" ಎಂದೆ. ಚೀಟಿ ಬಂದ ಮೇಲೆ ನಾನು ಕಣ್ಣಾರೆ ಎಣಿಸಿದ ಇನ್ನೊಂದು ಇನ್ನೂರ ಹತ್ತರಲ್ಲಿ ತಪ್ಪು ಮೂವತ್ತೇಳಲ್ಲ, ಹದಿನಾಲ್ಕು. ಅವರಿಗೆ ಅರ್ಥವಾಯಿತೋ ಇಲ್ಲವೋ, ಕಾಫಿ ತರಿಸಿಕೊಟ್ಟರು.

ಅಕ್ಕ ಕೆಲಸಕ್ಕೆ ಬರುತ್ತಿದ್ದಳು. ಚೀಟಿ ಓದುತ್ತಿದ್ದಳು. ಎಲ್ಲಿಗೆ ಹೋಗುತ್ತೀರಿ ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. ಎಚ್ಚರವಾದವರು ಕಣ್ಣು ಬಿಟ್ಟರೆ ಬರೀ ತಲೆ ಆಡಿಸುತ್ತಿದ್ದಳು. ಆ ಕೋಣೆ ನನಗೆ ಆಗಲೇ ನಿಜವಾಗಿ ಕಿಟಕಿಯಿಲ್ಲದ ಕೋಣೆ ಅನ್ನಿಸಿತು.

ಐದು ತಿಂಗಳಿಗೆ ಸರಿಯಾಗಿ ಟೈಲರಮ್ಮ ಬಂದರು. ಈಗ ತಟ್ಟೆಯ ನಾಲ್ಕು ಮೂಲೆಗೂ ಸ್ಕ್ರೂ ಹೊಡೆಸಲಾಗಿತ್ತು. ನನ್ನ ಮೇಲೆ ಅಕ್ಕನಿಗೆ ಅಷ್ಟು ನಂಬಿಕೆ. ನಾನು ಸ್ಟೂಲು ಬಿಟ್ಟು ತಟ್ಟೆಯ ಪಕ್ಕ ನಿಂತಿದ್ದೆ. ಟೈಲರಮ್ಮ ಮಲಗಿದಲ್ಲಿಂದಲೇ ಕತ್ತು ಚಾಚಿ ಚೀಟಿಗಳನ್ನು ಒಂದೊಂದಾಗಿ ನೋಡಿದರು.

"ಕೇಳಿ" ಎಂದರು ಅಕ್ಕನಿಗೆ.

"ಏನು?"

"ಅವತ್ತು ಕೇಳಿದ್ರಲ್ಲ, ಅದು."

ಅಕ್ಕ ಆ ಮುಖದ ಮೇಲೆ ಬಾಗಿದಳು. "ಎಲ್ಲಿಗೆ ಹೋಗ್ತೀರಾ?"

"ಅಲ್ಲಿಗೇ." ಅವರ ಎಡಗೈ ಕೊರಳಲ್ಲಿಲ್ಲದ ಟೇಪನ್ನು ಹುಡುಕಿತು. "ಬಾಗಿಲು?"

"ತೆಗ್ದಿರುತ್ತೆ" ಎಂದಳು ಅಕ್ಕ. "ನಾವಿಬ್ರೂ ಅಲ್ಲೇ ಕಾಯ್ತಿರ್ತೀವಿ. ಹೋಗಿ ಬನ್ನಿ."

ನಾನು ಅವತ್ತು ಎಲ್ಲಿಗೂ ಹೋಗಲಿಲ್ಲ. ಗಾಳಿ ಬಂತು, ಬಟ್ಟೆ ಅಲುಗಿದ ಸದ್ದೂ ಕೇಳಿತು. ನಾನು ಮೆಟ್ಟಿಲ ಬಳಿಯೇ ನಿಂತೆ. ಎಲ್ಲ ಮುಗಿದ ಮೇಲೆ ಅಕ್ಕನ ಕೈ ತಟ್ಟೆಯ ಬಲತುದಿಗೆ ಬಂದು ನಿಂತಿತು. "ವಾಂತಿಯ ಔಷಧ" ಎಂದು ಗಟ್ಟಿಯಾಗಿ ಓದಿದೆ. ಅವಳು ಮುಖದಿಂದ ಕಣ್ಣು ಕಿತ್ತು, ಚೀಟಿ ನೋಡಿ, "ವಾಂತಿಯ ಔಷಧ" ಎಂದಳು. ಕೊಟ್ಟಳು. ಆಮೇಲೆ ಆ ಕೋಣೆಯಲ್ಲಿದ್ದ ಎಲ್ಲರೂ, ಮೂಳೆ ಡಾಕ್ಟರೂ ಸೇರಿ, ಒಂದು ಎಡಗೈಯನ್ನು ನೋಡುತ್ತ ನಿಂತೆವು.

ತೋರುಬೆರಳು ಮೇಲೆದ್ದಿತು. ಎದ್ದದ್ದು ಬೀಳಲಿಲ್ಲ. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಪರೀಕ್ಷಿಸುವಂತೆ ಎರಡು ಸಲ ಗಾಳಿಯನ್ನು ತಟ್ಟಿತು. ಅಕ್ಕ ಗಂಟಲ ನಳಿಗೆ ತೆಗೆದು, ಆ ಬೆರಳನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡು ಬಾಗಿದಳು.

"ಹೋಗಿ ಬಂದ್ರಾ?" ಎಂದಳು. ಐದು ತಿಂಗಳ ಮೇಲೆ ಕೇಳಿದ ಮಾತು.

ಟೈಲರಮ್ಮ ಕಣ್ಣು ಬಿಡಲಿಲ್ಲ. "ಬಂದೆ" ಎಂದರು ಒಡಕು ದನಿಯಲ್ಲಿ. "ಬಟ್ಟೆ ಇನ್ನೂ ಒಣಗಿಲ್ಲ."